ಗುಳೆ ಹೋಗುವ ಮುನ್ನ: ತಡಸದಿಂದ ಗೋವಾಕ್ಕೆ ಒಂದು ಕುಟುಂಬದ ಖರ್ಚು-ವೆಚ್ಚದ ಲೆಕ್ಕ



ಶಿರಸಿ, ಮುಂಡಗೋಡದ ಮೇಲಿಂದ ಹುಬ್ಬಳ್ಳಿಗೆ ಪ್ರಯಾಣಿಸುವ ನಮ್ಮ ಕರಾವಳಿಯವರಿಗೆ ತಡಸ ಹೊಸ ಹೆಸರಲ್ಲ. ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲೂಕಿನ ಈ ಊರಿನ ಬಳಿ ಮುಂಡಗೋಡದ ರಸ್ತೆ ಪುಣೆ-ಬೆಂಗಳೂರು ಹೆದ್ದಾರಿಯನ್ನು ಕೂಡುತ್ತದೆ. ಗೋವಿನಜೋಳ, ಹತ್ತಿ, ಭತ್ತ ಬೆಳೆಯುವ, ಬಹುಪಾಲು ಮಳೆಯನ್ನೇ ನಂಬಿರುವ ಸೀಮೆ ಇದು. ಮಳೆ ಕೈಕೊಟ್ಟ ವರ್ಷ, ಇಲ್ಲವೇ ಸುಗ್ಗಿ ಮುಗಿದು ಕೂಲಿ ಸಿಗದ ತಿಂಗಳುಗಳಲ್ಲಿ, ಶಿಗ್ಗಾಂವಿ, ಸವಣೂರು, ಹಾನಗಲ್ಲ, ಹಿರೇಕೆರೂರು ತಾಲೂಕುಗಳ ಬಡ ಕುಟುಂಬಗಳು ದುಡಿಮೆ ಹುಡುಕಿಕೊಂಡು ಊರು ಬಿಡುವುದುಂಟು. ಜನರ ಬಾಯಲ್ಲಿ ಇದಕ್ಕೆ ‘ಗುಳೆ ಹೋಗುವುದು’ ಎಂದು ಹೆಸರು. ಕೆಲವರು ಬೆಂಗಳೂರಿಗೆ, ಕೆಲವರು ಪುಣೆಗೆ, ಹಲವರು ಗೋವಾಕ್ಕೆ ಹೋಗುತ್ತಾರೆ. ವಾಸ್ಕೋ, ಬೈನಾ, ಜುವಾರಿನಗರದ ಓಣಿಗಳಲ್ಲಿ ಉತ್ತರ ಕರ್ನಾಟಕದ ಕನ್ನಡ ಕೇಳಿಬರುವುದಕ್ಕೆ ಇದೇ ಕಾರಣ.

ಹೋಗಬೇಕೋ ಬೇಡವೋ ಎಂಬುದು ಆಯಾ ಕುಟುಂಬಕ್ಕೆ ಬಿಟ್ಟ ವಿಷಯ. ಭಾರತದ ಯಾವುದೇ ಭಾಗಕ್ಕೆ ಹೋಗಿ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಪ್ರತಿಯೊಬ್ಬ ಪ್ರಜೆಗೂ ಕೊಟ್ಟಿದೆ. ಆದರೆ ಹೊರಡುವವರಲ್ಲಿ ಅನೇಕರು ಬಸ್ಸಿನ ಟಿಕೆಟ್ಟು ಮತ್ತು ಮೊದಲ ವಾರದ ಊಟದ ದುಡ್ಡನ್ನಷ್ಟೇ ಎಣಿಸಿ ಹೊರಡುತ್ತಾರೆ. ಬೇರೆ ರಾಜ್ಯಕ್ಕೆ ಹೋಗುವವರು ಮೂರು ಖರ್ಚುಗಳನ್ನು ಎಣಿಸಬೇಕು: ಹೋಗುವ ಖರ್ಚು, ಅಲ್ಲಿ ಕಾಲೂರುವ ತನಕದ ಖರ್ಚು, ಮತ್ತು ಬೇಕಾದರೆ ಹಿಂತಿರುಗಿ ಬರುವ ಖರ್ಚು. ಮೂರನೆಯದನ್ನು ಕೈಯಲ್ಲಿ ಇಟ್ಟುಕೊಳ್ಳದೆ ಹೋದವರು ಕಷ್ಟದ ದಿನ ಬಂದಾಗ ಅಲ್ಲಿಯೂ ಇರಲಾಗದೆ, ಇಲ್ಲಿಗೂ ಬರಲಾಗದೆ ಸಿಕ್ಕಿಬೀಳುತ್ತಾರೆ. ಈ ಲೆಕ್ಕವನ್ನು ಬಿಡಿಸಿ ತೋರಿಸುವುದು ಈ ಲೇಖನದ ಉದ್ದೇಶ.

ದಾರಿ ಮತ್ತು ಸಾಮಾನು

ತಡಸದಿಂದ ವಾಸ್ಕೋ ಸುಮಾರು ಇನ್ನೂರು ಕಿ.ಮೀ. ಆಸುಪಾಸಿನ ದೂರ. ಮೂರು ದಾರಿಗಳಿವೆ. ಒಂದು, ಹುಬ್ಬಳ್ಳಿ-ಧಾರವಾಡದ ಮೇಲಿಂದ ಅನಮೋಡ ಘಟ್ಟ ಇಳಿದು ಮೊಲೆ, ಫೋಂಡಾ ಮೂಲಕ ಹೋಗುವ ರಸ್ತೆ. ಎರಡು, ಯಲ್ಲಾಪುರದಿಂದ ಅರಬೈಲ್ ಘಟ್ಟ ಇಳಿದು ಅಂಕೋಲಾ, ಕಾರವಾರ, ಕಾಣಕೋಣದ ಮೂಲಕ ಮಡಗಾಂವಿಗೆ ಹೋಗುವ ರಸ್ತೆ. ಮೂರು, ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್, ಕುಳೆ ಮೂಲಕ ವಾಸ್ಕೋಗೆ ಹೋಗುವ ರೈಲು. ಮಳೆಗಾಲದಲ್ಲಿ ಘಟ್ಟದಲ್ಲಿ ಮಣ್ಣು ಕುಸಿದು ರಸ್ತೆಯೂ ರೈಲೂ ನಿಲ್ಲುವುದುಂಟಾದ್ದರಿಂದ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆ ಸಾಮಾನು ಹೇರಿಕೊಂಡು ಹೊರಡದಿರುವುದೇ ಲೇಸು.

ಎಲ್ಲ ಸಾಮಾನನ್ನೂ ಒಯ್ಯುವುದು ನಷ್ಟದ ಬಾಬತ್ತು. ರೈಲಿನಲ್ಲಿ ಎರಡನೇ ದರ್ಜೆಯ ಪ್ರಯಾಣಿಕರು ತಲಾ 35 ಕೆ.ಜಿ., ಸ್ಲೀಪರ್ ಪ್ರಯಾಣಿಕರು ತಲಾ 40 ಕೆ.ಜಿ. ಸಾಮಾನನ್ನು ಉಚಿತವಾಗಿ ಒಯ್ಯಬಹುದು. ಗಂಡ, ಹೆಂಡತಿ ಇಬ್ಬರ ಸ್ಲೀಪರ್ ಟಿಕೆಟ್ಟಿಗೇ 80 ಕೆ.ಜಿ. ಆಯಿತು. ಹಾಸಿಗೆ, ಪಾತ್ರೆ, ಬಟ್ಟೆ, ಎರಡು ಚೀಲ ಧಾನ್ಯಕ್ಕೆ ಇಷ್ಟು ಬಹುಮಟ್ಟಿಗೆ ಸಾಕು. ಕಪಾಟು, ಮಂಚಗಳನ್ನು ಟೆಂಪೋದಲ್ಲಿ ಹೇರಿ, ಅಲ್ಲಿನ ಒಂದೇ ಖೋಲಿಯಲ್ಲಿ ಅವಕ್ಕೆ ಜಾಗ ಸಾಲದೆ ಕಂಡ ಬೆಲೆಗೆ ಮಾರುವ ಬದಲು ಊರಿನ ಮನೆಯಲ್ಲಿಯೇ ಬಿಡುವುದು ವಾಸಿ.

ಇನ್ನೊಂದು ಮಾತನ್ನು ಹೆಣ್ಣುಮಕ್ಕಳು ಗಮನಿಸಬೇಕು. 2023ರ ಜೂನ್‌ನಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯ ಉಚಿತ ಪ್ರಯಾಣ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಿಗೆ ಸಂಬಂಧಿಸಿದ್ದು. ಗೋವಾಕ್ಕೆ ಹೋಗುವ ಅಂತರರಾಜ್ಯ ಬಸ್ಸಿನಲ್ಲಿ ಟಿಕೆಟ್ಟು ತೆಗೆಯಲೇಬೇಕು. ಹಬ್ಬ, ಮದುವೆ, ಸಾವು-ನೋವು ಎಂದು ವರ್ಷಕ್ಕೆ ನಾಲ್ಕು ಸಲ ಊರಿಗೆ ಬಂದು ಹೋಗುವ ಖರ್ಚನ್ನು ಮೊದಲೇ ಬರೆದಿಟ್ಟುಕೊಳ್ಳಿರಿ.

ಒಂದು ಮಾದರಿ ಲೆಕ್ಕ

ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳಿರುವ ಕುಟುಂಬವೊಂದನ್ನು ಎಣಿಸಿಕೊಳ್ಳೋಣ. ಕೆಳಗಿನ ಅಂಕಿಗಳನ್ನು ಲೆಕ್ಕದ ಕ್ರಮ ತಿಳಿಯಲೆಂದು ನಾವೇ ಇಟ್ಟುಕೊಂಡಿದ್ದೇವೆ. ಓದುಗರು ತಾವು ಹೋಗುವ ಊರಿನಲ್ಲಿ ವಿಚಾರಿಸಿ ತಮ್ಮ ಅಂಕಿಗಳನ್ನು ತುಂಬಿಕೊಳ್ಳಬೇಕು.

ಒಂದೇ ಸಲ ಬರುವ ಖರ್ಚು:

- ಖೋಲಿ, ಕೆಲಸ ನೋಡಿಬರಲು ಒಬ್ಬರ ಮುಂಚಿನ ಭೇಟಿ: ರೂ. 2,000
- ನಾಲ್ವರ ಪ್ರಯಾಣ: ರೂ. 2,000
- ಸಾಮಾನು ಸಾಗಣೆ: ರೂ. 6,000
- ಖೋಲಿಯ ಡಿಪಾಜಿಟ್ಟು, ಮೂರು ತಿಂಗಳ ಬಾಡಿಗೆಯಷ್ಟು: ರೂ. 15,000
- ಮೊದಲ ತಿಂಗಳ ಬಾಡಿಗೆ: ರೂ. 5,000
- ಒಲೆ, ಬಕೆಟ್ಟು, ಚಾಪೆ, ಬೀಗ ಮುಂತಾದವು: ರೂ. 5,000
- ಮಕ್ಕಳ ಸಮವಸ್ತ್ರ, ಪುಸ್ತಕ, ಕಾಗದಪತ್ರದ ಝೆರಾಕ್ಸ್: ರೂ. 3,000

ಒಟ್ಟು ರೂ. 38,000.

ಪ್ರತಿ ತಿಂಗಳ ಖರ್ಚು: ಬಾಡಿಗೆ 5,000, ಊಟ 8,000, ಗ್ಯಾಸು, ಲೈಟು, ನೀರು 1,500, ಬಸ್ಸು 1,500, ಮಕ್ಕಳ ಓದು 1,000, ಫೋನು 500, ಔಷಧ 500, ಊರಿನಲ್ಲಿರುವ ಹಿರಿಯರಿಗೆ ಕಳಿಸುವುದು 3,000. ಒಟ್ಟು ರೂ. 21,000.

ಹೊಸ ಊರಿನಲ್ಲಿ ಇಬ್ಬರಿಗೂ ಕೆಲಸ ಕುದುರಿ ಕೈಗೆ ಪಗಾರ ಬರಲು ಎರಡು ತಿಂಗಳು ಹಿಡಿಯುತ್ತದೆಂದು ಭಾವಿಸಿದರೆ, ಆ ಎರಡು ತಿಂಗಳಿಗೆ 42,000 ಬೇಕು. ಮೊದಲ ಬಾಡಿಗೆಯನ್ನು ಆಗಲೇ ಎಣಿಸಿರುವುದರಿಂದ ಅದನ್ನು ಕಳೆದರೆ 37,000. ಹಿಂತಿರುಗಿ ಬರುವ ಪ್ರಯಾಣ ಮತ್ತು ಸಾಗಣೆಗೆ 8,000. ಮೂರನ್ನೂ ಕೂಡಿಸಿದರೆ ರೂ. 83,000. ‘ಹತ್ತು ಸಾವಿರ ಇದ್ದರೆ ಗೋವಾ ಸೇರಬಹುದು’ ಎಂಬ ಮಾತು ಸುಳ್ಳಲ್ಲ. ಸೇರಬಹುದು, ಆದರೆ ಅಲ್ಲಿ ನಿಲ್ಲಲಾಗುವುದಿಲ್ಲ.

ಈಗ ಆದಾಯ ನೋಡೋಣ. ಕಟ್ಟಡ ಕೆಲಸಕ್ಕೆ ದಿನಕ್ಕೆ 800 ಸಿಗುತ್ತದೆಂದರೆ ಅನೇಕರು ಅದನ್ನು 30ರಿಂದ ಗುಣಿಸಿ 24,000 ಎಂದು ಹಿಗ್ಗುತ್ತಾರೆ. ರಜೆ, ಜ್ವರ, ಸಾಮಾನು ಬಾರದೆ ಕೆಲಸ ನಿಂತ ದಿನಗಳನ್ನು ಕಳೆದು 20 ದಿನ ಎಂದೇ ಹಿಡಿಯಿರಿ. 16,000 ಆಯಿತು. ಹೆಂಡತಿ ಮನೆಗೆಲಸಕ್ಕೆ ಹೋಗಿ 8,000 ತಂದರೆ ಒಟ್ಟು 24,000. ಖರ್ಚು ಕಳೆದು ಉಳಿಯುವುದು 3,000. ಮಳೆಗಾಲದಲ್ಲಿ ಕಟ್ಟಡ ಕೆಲಸ ಕಡಿಮೆಯಾಗಿ 12 ದಿನಕ್ಕೆ ಇಳಿದರೆ ಆದಾಯ 9,600 ಮತ್ತು 8,000, ಅಂದರೆ 17,600. ಆ ತಿಂಗಳು 3,400 ಸಾಲದೇ ಬರುತ್ತದೆ. ಒಣ ದಿನಗಳ ಉಳಿತಾಯವನ್ನು ಮಳೆಯ ತಿಂಗಳುಗಳು ತಿನ್ನುತ್ತವೆ ಎಂಬುದನ್ನು ನೆನಪಿಡಬೇಕು.

ಸಾಲ ಮಾಡಿ ಹೋಗಬಹುದೇ?

83,000ದಲ್ಲಿ 50,000ವನ್ನು ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ ಕೈಗಡ ತಂದರೆ ತಿಂಗಳ ಬಡ್ಡಿಯೇ 1,500. ಒಳ್ಳೆಯ ತಿಂಗಳಿನ ಉಳಿತಾಯದಲ್ಲಿ ಅರ್ಧ ಹೋಯಿತು. ಇನ್ನರ್ಧವನ್ನು ಅಸಲಿಗೆ ಕಟ್ಟುತ್ತ ಹೋದರೆ ಸಾಲ ತೀರಲು ವರ್ಷಗಳೇ ಬೇಕು. ಈ ನಡುವೆ ಒಬ್ಬರು ಆಸ್ಪತ್ರೆ ಸೇರಿದರೆ ಮತ್ತೆ ಸಾಲ. ಹೊಲವನ್ನೋ ಎತ್ತನ್ನೋ ಮಾರಿ ಹೋದರೆ ಬಡ್ಡಿಯೇನೋ ಇಲ್ಲ, ಆದರೆ ಹಿಂತಿರುಗಿ ಬಂದರೆ ನಿಲ್ಲಲು ನೆಲೆಯಿಲ್ಲ. ಹೊಲ ಇರುವವರು ಅದನ್ನು ಮಾರದೆ, ಬರವಣಿಗೆ ಮಾಡಿಕೊಂಡು ಲಾವಣಿಗೆ ಕೊಟ್ಟು ಹೋಗುವುದು ಸೂಕ್ತ.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಗುತ್ತಿಗೆದಾರನ ಮುಂಗಡ. ಇಡೀ ಕುಟುಂಬಕ್ಕೆ ಒಂದು ಮೊತ್ತ ಕೊಟ್ಟು, ‘ತೀರುವ ತನಕ ದುಡಿಯಿರಿ’ ಎಂದು ಹೇಳಿದರೆ, ಲೆಕ್ಕದ ಪುಸ್ತಕ ಅವನ ಕೈಯಲ್ಲೇ ಇದ್ದರೆ, ಅದು ಜೀತದ ಬಾಗಿಲು. ಜೀತ ಪದ್ಧತಿಯನ್ನು 1976ರ ಕಾಯಿದೆ ರದ್ದುಗೊಳಿಸಿದೆ. ಜೀತದ ಸಾಲವನ್ನು ತೀರಿಸುವ ಹೊಣೆಯೂ ಅದರೊಂದಿಗೆ ರದ್ದಾಗಿದೆ. ಮುಂಗಡ ಪಡೆಯಲೇಬೇಕಾದರೆ ಎಷ್ಟು ಪಡೆದಿರಿ, ದಿನಗೂಲಿ ಎಷ್ಟು, ವಾರಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನು ಬರೆಸಿಕೊಂಡು ಒಂದು ಪ್ರತಿ ನಿಮ್ಮಲ್ಲಿಯೇ ಇಟ್ಟುಕೊಳ್ಳಿರಿ. ಆಧಾರ್ ಕಾರ್ಡಿನ ಅಸಲು ಪ್ರತಿಯನ್ನು ಯಾರಿಗೂ ಒಪ್ಪಿಸಬೇಡಿರಿ.

ಖರ್ಚು ತಗ್ಗಿಸುವ ದಾರಿ

ಇಡೀ ಕುಟುಂಬ ಒಮ್ಮೆಗೇ ಹೊರಡುವ ಬದಲು ಎರಡು ಹಂತದಲ್ಲಿ ಹೋಗುವುದು ಜಾಣತನ. ದೀಪಾವಳಿಯ ನಂತರ, ಕಟ್ಟಡ ಕೆಲಸ ಚುರುಕಾಗುವ ಹೊತ್ತಿಗೆ, ಒಬ್ಬರು ಮಾತ್ರ ಹೋಗಲಿ. ನಾಲ್ಕೈದು ಮಂದಿಯೊಂದಿಗೆ ಖೋಲಿ ಹಂಚಿಕೊಂಡರೆ ತಿಂಗಳಿಗೆ 7,000 ಹಿಡಿಯಿರಿ. ಎರಡು ತಿಂಗಳಿಗೆ 14,000, ಹೋಗಿಬರಲು 2,000, ಒಟ್ಟು 16,000. ಕೆಲಸ ಒಗ್ಗದಿದ್ದರೆ ಕುಟುಂಬ ಕಳೆದುಕೊಳ್ಳುವುದು ಇಷ್ಟೇ. ಒಗ್ಗಿದರೆ ಆ ತಿಂಗಳುಗಳ ದುಡಿಮೆಯಿಂದಲೇ ಡಿಪಾಜಿಟ್ಟು ಕೂಡಿಸಬಹುದು. ಮಕ್ಕಳ ಪರೀಕ್ಷೆ ಮುಗಿದ ಮೇಲೆ ಉಳಿದವರು ಹೋಗಲಿ.

ನಮ್ಮ ಕರಾವಳಿಗೆ ಈ ಉಪಾಯ ಹೊಸದಲ್ಲ. ಗೋವಾದ ಹಳ್ಳಿಗಳವರು ಹಡಗಿನ ಕೆಲಸ ಹುಡುಕಿ ಮುಂಬೈಗೆ ಹೋಗುತ್ತಿದ್ದ ಕಾಲದಲ್ಲಿ ಊರೂರಿನ ಹೆಸರಿನಲ್ಲಿ ‘ಕೂಡ್’ಗಳನ್ನು, ಅಂದರೆ ಹಂಚಿಕೊಂಡು ಇರುವ ತಂಗುಮನೆಗಳನ್ನು, ಕಟ್ಟಿಕೊಂಡಿದ್ದರು. ಕಡಿಮೆ ಹಣಕ್ಕೆ ತಲೆಗೊಂದು ಸೂರು, ಪೆಟ್ಟಿಗೆಗೊಂದು ಜಾಗ, ಊರವರ ಕಾವಲು ಸಿಗುತ್ತಿತ್ತು. ಇಂದು ಅದೇ ಗೋವಾಕ್ಕೆ ಹೋಗುವ ನಮ್ಮವರು ಊರಿಗೊಂದು ಖೋಲಿಯನ್ನು ಒಟ್ಟಾಗಿ ಬಾಡಿಗೆಗೆ ಹಿಡಿದರೆ, ಹೊಸದಾಗಿ ಬಂದವರ ಮೊದಲ ತಿಂಗಳುಗಳ ಭಾರ ಎಷ್ಟೋ ಹಗುರವಾಗುತ್ತದೆ.

ಮನೆ ಹಿಡಿಯುವಾಗ

ಬಾಡಿಗೆ ಕಡಿಮೆ ಎಂಬ ಒಂದೇ ಕಾರಣಕ್ಕೆ, ಇಲ್ಲವೇ ‘ಇಷ್ಟು ಕೊಟ್ಟರೆ ಖೋಲಿ ನಿಮ್ಮದೇ’ ಎಂಬ ಮಾತಿಗೆ ಹಣ ಸುರಿಯಬೇಡಿರಿ. ಬೈನಾ ಕಡಲತೀರದಲ್ಲಿ 2004ರಲ್ಲಿಯೂ ಮತ್ತೆ 2015ರಲ್ಲಿಯೂ ಮನೆಗಳನ್ನು ಕೆಡವಲಾಯಿತು. ಅಲ್ಲಿ ಬೀದಿಗೆ ಬಿದ್ದವರಲ್ಲಿ ಕರ್ನಾಟಕದಿಂದ ಹೋದ ಕುಟುಂಬಗಳು ಬಹಳ. ಜಾಗದ ಒಡೆತನದ ಕಾಗದ ಇಲ್ಲದ ಕಡೆ ಕೊಟ್ಟ ಹಣ, ಜಾಗ ಹೋದ ದಿನವೇ ಹೋಗುತ್ತದೆ. ಬಾಡಿಗೆ ಕರಾರನ್ನು ಬರೆಸಿಕೊಳ್ಳಿರಿ, ಡಿಪಾಜಿಟ್ಟಿಗೆ ರಸೀದಿ ಕೇಳಿರಿ. ಮನೆಯ ಮಾಲೀಕರು ಬಾಡಿಗೆದಾರರ ವಿವರವನ್ನು ಪೊಲೀಸ್ ಠಾಣೆಗೆ ಕೊಡಲು ನಮೂನೆ ತುಂಬಿಸಿದರೆ ಹೆದರಬೇಡಿರಿ. ನೀವು ಅಲ್ಲಿ ವಾಸವಿದ್ದುದಕ್ಕೆ ಅದು ನಿಮಗೂ ಒಂದು ಗುರುತು.

ಅಡುಗೆಗೆ ಊರಿನ ಗ್ಯಾಸ್ ಸಂಪರ್ಕವನ್ನು ಹಿರಿಯರಿಗೆ ಬಿಟ್ಟು, 5 ಕೆ.ಜಿ.ಯ ಸಣ್ಣ ಸಿಲಿಂಡರ್ ಕೊಳ್ಳಬಹುದು. ಇದಕ್ಕೆ ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು.

ಯಾವುದು ಜೊತೆಗೆ ಬರುತ್ತದೆ, ಯಾವುದು ಬರುವುದಿಲ್ಲ

ಗಡಿ ದಾಟಿದರೂ ಕೆಲವು ಸೌಲಭ್ಯಗಳು ಜೊತೆಗೆ ಬರುತ್ತವೆ, ಕೆಲವು ಅಲ್ಲಿಗೇ ನಿಲ್ಲುತ್ತವೆ. ಇದನ್ನು ತಿಳಿಯದೆ ಮಾಡಿದ ಆಯವ್ಯಯ ಅರ್ಧ ಮಾತ್ರ.

ಪಡಿತರ: ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಹಬ್ಬಿತು. ಆಹಾರ ಭದ್ರತಾ ಕಾಯಿದೆಯಡಿ ಬರುವ ಆದ್ಯತಾ ಕುಟುಂಬದ ಚೀಟಿಗೆ ತಲಾ 5 ಕೆ.ಜಿ. ಧಾನ್ಯವನ್ನು ಗೋವಾದ ನ್ಯಾಯಬೆಲೆ ಅಂಗಡಿಯಲ್ಲಿಯೂ ಬೆರಳಚ್ಚು ಕೊಟ್ಟು ಪಡೆಯಬಹುದು. ಒಂದು ಪಾಲನ್ನು ಅಲ್ಲಿ, ಉಳಿದ ಪಾಲನ್ನು ಊರಿನಲ್ಲಿ ಹಿರಿಯರು ಪಡೆಯುವುದಕ್ಕೂ ಅವಕಾಶವಿದೆ. ಆದರೆ ಕರ್ನಾಟಕ ಸರಕಾರ ತನ್ನ ಕಡೆಯಿಂದ ಕೊಡುವ ಹೆಚ್ಚುವರಿ ಪಾಲು ಗಡಿಯಾಚೆ ಸಿಗುವುದಿಲ್ಲ. ಆದ್ದರಿಂದ ಅವಸರಪಟ್ಟು ಚೀಟಿಯನ್ನು ರದ್ದು ಮಾಡಿಸಬೇಡಿರಿ. ಮನೆಯೊಡತಿಗೆ ತಿಂಗಳಿಗೆ 2,000 ಕೊಡುವ ‘ಗೃಹಲಕ್ಷ್ಮಿ’ಯೂ ಈ ಚೀಟಿಯನ್ನೇ ಆಧರಿಸಿದೆ.

ಆರೋಗ್ಯ: ಆಯುಷ್ಮಾನ್ ಕಾರ್ಡು ದೇಶದಾದ್ಯಂತ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಕಾರ್ಡನ್ನು ಊರಿನಲ್ಲಿಯೇ ಮಾಡಿಸಿಕೊಂಡು ಹೋಗಿರಿ. ಗೋವಾ ಸರಕಾರದ ಸ್ವಂತ ಆರೋಗ್ಯ ವಿಮಾ ಯೋಜನೆಗೆ ಅಲ್ಲಿ ಐದು ವರ್ಷ ವಾಸವಿರಬೇಕು. ಬ್ಯಾಂಕು ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಮುರಿದುಕೊಳ್ಳುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 2 ಲಕ್ಷದ ಪರಿಹಾರವಿದೆ. ಎತ್ತರದ ಸಾರುವೆಯ ಮೇಲೆ ದುಡಿಯುವವರು ಈ 20 ರೂಪಾಯಿಯನ್ನು ಮರೆಯಬಾರದು.

ಮಕ್ಕಳ ಓದು: 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ವರ್ಗಾವಣೆ ಪತ್ರವನ್ನು ಮುಖ್ಯೋಪಾಧ್ಯಾಯರು ಕೂಡಲೇ ಕೊಡಬೇಕು. ಆ ಪತ್ರ ತಡವಾಯಿತೆಂದು ಹೊಸ ಸರಕಾರಿ ಶಾಲೆ ಮಗುವನ್ನು ಹಿಂದೆ ಕಳಿಸುವಂತಿಲ್ಲ. ಹೀಗಿದ್ದರೂ ಪತ್ರವನ್ನು ಕೈಯಲ್ಲಿ ಹಿಡಿದೇ ಹೊರಡುವುದು ಕ್ಷೇಮ. ಗೋವಾದಲ್ಲಿ 2025ರಲ್ಲಿ 6ರಿಂದ 10ನೇ ತರಗತಿಗಳ ಶಾಲಾ ವರ್ಷವನ್ನು ಏಪ್ರಿಲ್‌ನಲ್ಲಿಯೇ ಆರಂಭಿಸಲಾಯಿತು. ಆದ್ದರಿಂದ ಜೂನ್‌ವರೆಗೆ ಕಾಯದೆ ಮೊದಲೇ ವಿಚಾರಿಸಿರಿ. ಹತ್ತಿರದಲ್ಲಿ ಕನ್ನಡ ಶಾಲೆ ಇದೆಯೇ, ಅದು ಎಷ್ಟನೇ ತರಗತಿಯವರೆಗೆ ಎಂಬುದನ್ನು ಮುಂಚಿನ ಭೇಟಿಯಲ್ಲಿಯೇ ನೋಡಿಬರಬೇಕು. ಏಳನೇ ತರಗತಿಯಲ್ಲಿ ಭಾಷೆ ಬದಲಾದ ಮಗು ಶಾಲೆಯನ್ನೇ ಬಿಡುವ ಸಂಭವವಿರುವುದರಿಂದ, ಹತ್ತನೇ ತರಗತಿ ಹತ್ತಿರವಿರುವ ಮಗುವನ್ನು ಅಜ್ಜ-ಅಜ್ಜಿಯರ ಬಳಿಯೋ ವಿದ್ಯಾರ್ಥಿನಿಲಯದಲ್ಲೋ ಬಿಟ್ಟು ಹೋಗುವುದು ಒಳಿತು.

ಜಾತಿ ಪ್ರಮಾಣಪತ್ರ: ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕರ್ನಾಟಕದ ಪಟ್ಟಿಯಲ್ಲಿರುವ ಲಂಬಾಣಿ ಸಮುದಾಯ ಗೋವಾದ ಪಟ್ಟಿಯಲ್ಲಿ ಇಲ್ಲ. ವಲಸೆ ಹೋದವರು ಹೊಸ ರಾಜ್ಯದಲ್ಲಿ ಆ ಮೀಸಲಾತಿಯನ್ನು ಕೇಳಲಾಗದೆಂದು ಸುಪ್ರೀಂ ಕೋರ್ಟು 1990ರಲ್ಲಿ ತೀರ್ಪು ನೀಡಿದೆ. ಮುಂದೆ ಮಕ್ಕಳ ಶಿಷ್ಯವೇತನ, ಸೀಟುಗಳಿಗೆ ಸಂಬಂಧಿಸಿದ ಈ ವಿಷಯವನ್ನು ಕುಟುಂಬದಲ್ಲಿ ಕೂತು ಯೋಚಿಸಬೇಕು. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಹೊರಡುವ ಮುನ್ನವೇ ನಾಡಕಚೇರಿಯಲ್ಲಿ ಮಾಡಿಸಿಟ್ಟುಕೊಳ್ಳಿರಿ.

ವಾಹನ: ಹಾವೇರಿಯ ಕೆ.ಎ. 27 ನಂಬರಿನ ಬೈಕನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇಟ್ಟುಕೊಂಡರೆ ಅಲ್ಲಿನ ನಂಬರು ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಇದಕ್ಕೆ ಮೊದಲು ಇಲ್ಲಿನ ಆರ್.ಟಿ.ಓ. ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು. ಅಲ್ಲಿ ತೆರಿಗೆ ಮತ್ತೆ ಕಟ್ಟಬೇಕಾಗುತ್ತದೆ. ಹಳೆಯ ಬೈಕಾದರೆ ಊರಲ್ಲೇ ಬಿಡುವುದು ಅಗ್ಗ.

ಮತ: ನೆಲೆ ಬದಲಾಯಿಸಿದವರು ನಮೂನೆ 8ನ್ನು ತುಂಬಿ ಹೆಸರು ವರ್ಗಾಯಿಸಿಕೊಳ್ಳಬಹುದು. ಒಂದು ಸುಗ್ಗಿಗೆ ಮಾತ್ರ ಹೋಗುವವರಿಗೆ ಇದರ ಅಗತ್ಯವಿಲ್ಲ.

ದುಡಿಮೆಯ ದಾಖಲೆ

ಅಸಂಘಟಿತ ಕಾರ್ಮಿಕರಿಗಾಗಿ 2021ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿ ಉಚಿತ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಅದಕ್ಕಾಗಿ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನಾಂಕ, ಜಾಗ, ಮೇಸ್ತ್ರಿಯ ಹೆಸರು, ಕೂಲಿ ಬರೆದು ವಾರಕ್ಕೊಮ್ಮೆ ಸಹಿ ಹಾಕಿಸಿಕೊಳ್ಳಿರಿ. ಕೂಲಿಯ ವಿಷಯದಲ್ಲಿ ತಕರಾರು ಬಂದಾಗ ಕಾರ್ಮಿಕ ಇಲಾಖೆಯ ಮುಂದೆ ಇಡಲು ಬಡವನ ಕೈಯಲ್ಲಿರುವ ಸಾಕ್ಷಿ ಇದೊಂದೇ. ಅಂತರರಾಜ್ಯ ವಲಸೆ ಕಾರ್ಮಿಕರಿಗೆಂದು 1979ರಲ್ಲಿ ಮಾಡಿದ್ದ ಕಾಯಿದೆಯ ಜಾಗಕ್ಕೆ 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಪ್ರಯಾಣದ ಹಣವನ್ನು ನಿಯಮಾನುಸಾರ ಕೊಡುವ ಹೊಣೆಯನ್ನು ಅದು ಮಾಲೀಕರ ಮೇಲೆ ಹೊರಿಸಿದೆ. ಕೇಳಿದವರಿಗೆ ಮಾತ್ರ ಸಿಗುವ ಹಣವಿದು.

ಮುಟ್ಟಬಾರದ ಗಂಟು

2020ರ ಮಾರ್ಚ್ 25ರಂದು ದೇಶವೇ ಸ್ತಬ್ಧವಾದಾಗ ಗೋವಾದಲ್ಲಿದ್ದ ನಮ್ಮ ಕೂಲಿಕಾರರ ಕೆಲಸ ಒಂದೇ ರಾತ್ರಿಯಲ್ಲಿ ನಿಂತಿತು. ಪಗಾರ ಬರಲಿಲ್ಲ, ಬಸ್ಸಿರಲಿಲ್ಲ, ಬಾಡಿಗೆ ಮಾತ್ರ ನಿಲ್ಲಲಿಲ್ಲ. ಕೈಯಲ್ಲಿ ಎರಡು ತಿಂಗಳ ಗಂಟು ಇದ್ದವರು ಕಾದು ಕುಳಿತರು. ಇಲ್ಲದವರು ಪರರ ಕೈ ನೋಡಬೇಕಾಯಿತು. ಅಂಥ ಮಹಾಮಾರಿ ಮತ್ತೆ ಬಾರದಿರಲಿ. ಆದರೆ ಸಾರುವೆಯಿಂದ ಬಿದ್ದ ಗಂಡ, ಊರಿನಲ್ಲಿ ಹಾಸಿಗೆ ಹಿಡಿದ ತಾಯಿ, ಕೂಲಿ ಕೊಡದೆ ಓಡಿಹೋದ ಗುತ್ತಿಗೆದಾರ, ಇವು ಯಾವ ವರ್ಷವೂ ಬರಬಹುದಾದ ಕಷ್ಟಗಳು.

ಆದುದರಿಂದ ನಮ್ಮ ಸಲಹೆ ಇಷ್ಟು. ಹಿಂತಿರುಗುವ 8,000ವನ್ನು ಮೊದಲ ದಿನವೇ ಹೆಂಡತಿಯ ಹೆಸರಿನ ಬೇರೆ ಖಾತೆಯಲ್ಲಿ ಇಡಿರಿ. ಹಬ್ಬಕ್ಕೂ ಫೋನಿಗೂ ಅದನ್ನು ಮುಟ್ಟಬೇಡಿರಿ. ಊರಿನ ಮನೆಯ ಮಾಡು ಸೋರದಂತೆ ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸಲು ಸ್ವಲ್ಪ ಹಣ ತೆಗೆದಿಡಿರಿ. ಆರು ತಿಂಗಳಿಗೊಮ್ಮೆ ಗಂಡ ಹೆಂಡತಿ ಇಬ್ಬರೂ ಕೂತು, ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂದು ಬರೆದು ನೋಡಿರಿ. ಎರಡು ಸಲವೂ ಉಳಿತಾಯ ಸೊನ್ನೆಯಾದರೆ ಊರಿಗೆ ಮರಳುವ ಮಾತನ್ನು ನಾಚಿಕೆಯಿಲ್ಲದೆ ಆಡಿರಿ. ಕೈಯಲ್ಲಿ ದುಡ್ಡಿರುವಾಗ ಮರಳುವುದು ಸೋಲಲ್ಲ.

ಓದಲು ಬಾರದ ಕುಟುಂಬಗಳು ನಿಮ್ಮ ನೆರೆಯಲ್ಲಿದ್ದರೆ ಓದುಗರು ಒಂದು ಹಾಳೆಯಲ್ಲಿ ಅವರ ಅಂಕಿಗಳನ್ನು ಬರೆದು ಕೂಡಿಸಿ ಕೊಡಬೇಕೆಂದು ಕೇಳಿಕೊಳ್ಳುತ್ತೇವೆ. ಅರ್ಧ ಗಂಟೆಯ ಈ ಕೆಲಸ ಒಂದು ಮನೆಯನ್ನು ವರ್ಷಗಟ್ಟಲೆಯ ಸಾಲದಿಂದ ಕಾಪಾಡೀತು. ಹೊರಡುವವರೆಲ್ಲರ ಪ್ರಯಾಣ ಸುಖಕರವಾಗಲಿ.